ವಿಹಾರನೌಕೆಗಳಲ್ಲಿ ಉಪಗ್ರಹ ಸಂಪರ್ಕ

ವಿಹಾರನೌಕೆಗಳಲ್ಲಿ ಉಪಗ್ರಹ ಸಂಪರ್ಕ ಎಂದರೆ ಕರಾವಳಿಯ ಮೊಬೈಲ್ ಗೋಪುರಗಳ ವ್ಯಾಪ್ತಿಯನ್ನು ದಾಟಿ ಸಾಗುವ ಖಾಸಗಿ ಹಾಯಿದೋಣಿಗಳು ಮತ್ತು ಯಂತ್ರಚಾಲಿತ ಯಾಟ್‌ಗಳು ಕೃತಕ ಉಪಗ್ರಹಗಳ ಮೂಲಕ ಪಡೆಯುವ ದೂರವಾಣಿ, ಕಿರುಸಂದೇಶ ಹಾಗೂ ಅಂತರಜಾಲ ಸೇವೆ. ಹವಾಮಾನ ವರದಿ ಪಡೆಯುವುದು, ಮನೆಯವರೊಡನೆ ಮಾತನಾಡುವುದು, ದಡದಲ್ಲಿರುವ ವೈದ್ಯರ ಸಲಹೆ ಕೇಳುವುದು, ಅಪಾಯ ಒದಗಿದಾಗ ನೆರವು ಕೋರುವುದು ಇದರ ಮುಖ್ಯ ಉಪಯೋಗಗಳು. ಈ ಸೇವೆಗಳು ವೇಗ, ವ್ಯಾಪ್ತಿ, ವಿದ್ಯುತ್ ಬಳಕೆ, ವೆಚ್ಚ ಮತ್ತು ವಿಶ್ವಾಸಾರ್ಹತೆಯಲ್ಲಿ ಒಂದಕ್ಕೊಂದು ಬಹಳ ಭಿನ್ನವಾಗಿವೆ. ಅನುಕೂಲಕ್ಕಾಗಿ ಬೇಕಾಗುವ ಸಂಪರ್ಕ ಮತ್ತು ಪ್ರಾಣರಕ್ಷಣೆಗಾಗಿ ಬೇಕಾಗುವ ಸಂಪರ್ಕ ಇವೆರಡನ್ನೂ ಬೇರೆಬೇರೆಯಾಗಿ ಪರಿಗಣಿಸುವುದು ಆಯ್ಕೆಯ ಮೊದಲ ಹೆಜ್ಜೆ.

ಹಿನ್ನೆಲೆ

ದಡದ ಮೊಬೈಲ್ ಸಂಕೇತವು ಸಾಮಾನ್ಯವಾಗಿ ಕರಾವಳಿಯಿಂದ ಕೆಲವೇ ಮೈಲಿಗಳವರೆಗೆ ದೊರೆಯುತ್ತದೆ. ನೌಕೆಗಳಲ್ಲಿ ಬಳಸುವ ವಿಎಚ್ಎಫ್ ರೇಡಿಯೊ ಹೆಚ್ಚುಕಡಿಮೆ ದೃಷ್ಟಿರೇಖೆಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ಭೂಮಿಯ ಮೇಲ್ಮೈ ಬಾಗಿರುವುದರಿಂದ ಎರಡು ಸಣ್ಣ ದೋಣಿಗಳ ನಡುವೆ ಅದರ ವ್ಯಾಪ್ತಿ ಸುಮಾರು 10ರಿಂದ 15 ನಾಟಿಕಲ್ ಮೈಲಿಗೆ ಸೀಮಿತವಾಗುತ್ತದೆ. ಅದಕ್ಕಿಂತ ದೂರದ ಸಂಪರ್ಕಕ್ಕೆ ಎರಡೇ ದಾರಿಗಳಿವೆ. ಒಂದು, ವಾಯುಮಂಡಲದ ಮೇಲ್ಪದರದಲ್ಲಿರುವ ಅಯಾನುಗೋಲದಿಂದ ಪ್ರತಿಫಲಿಸಿ ಸಾವಿರಾರು ಕಿಲೋಮೀಟರ್ ಸಾಗುವ ಹ್ರಸ್ವತರಂಗ ರೇಡಿಯೊ. ಇನ್ನೊಂದು, ಉಪಗ್ರಹ.

ಹ್ರಸ್ವತರಂಗ ರೇಡಿಯೊಗೆ ಮಾಸಿಕ ಶುಲ್ಕವಿಲ್ಲ, ಒಬ್ಬರು ಆಡಿದ ಮಾತನ್ನು ಅನೇಕ ನೌಕೆಗಳು ಒಟ್ಟಿಗೆ ಕೇಳಬಹುದು. ಆದರೆ ಅದರ ಗುಣಮಟ್ಟ ಹಗಲು, ರಾತ್ರಿ ಹಾಗೂ ಸೌರ ಚಟುವಟಿಕೆಗಳಿಗೆ ತಕ್ಕಂತೆ ಏರುಪೇರಾಗುತ್ತದೆ, ಬಳಸಲು ಅಭ್ಯಾಸವೂ ಬೇಕು. ಈ ಕಾರಣಗಳಿಂದ ಕಳೆದ ಕೆಲವು ದಶಕಗಳಲ್ಲಿ ವಿಹಾರನೌಕೆಗಳು ಹೆಚ್ಚಾಗಿ ಉಪಗ್ರಹ ಸೇವೆಗಳತ್ತ ವಾಲಿವೆ.

ಇತಿಹಾಸ

ನೌಕೆಗಳಿಗಾಗಿ ಮೀಸಲಾದ ಉಪಗ್ರಹ ಸಂಪರ್ಕವು 1976ರಲ್ಲಿ ಅಮೆರಿಕದ ಮಾರಿಸ್ಯಾಟ್ ಉಪಗ್ರಹಗಳೊಂದಿಗೆ ಆರಂಭವಾಯಿತು. 1979ರಲ್ಲಿ ಅಂತರಸರಕಾರಿ ಸಂಸ್ಥೆಯಾಗಿ ಇನ್‌ಮಾರ್ಸ್ಯಾಟ್ ಸ್ಥಾಪನೆಗೊಂಡು, 1982ರಲ್ಲಿ ಸೇವೆ ಆರಂಭಿಸಿತು. ಲಂಡನ್ ಅದರ ಕೇಂದ್ರಸ್ಥಾನವಾಗಿತ್ತು. ಆ ಕಾಲದ ಉಪಕರಣಗಳು ಗಾತ್ರದಲ್ಲಿ ದೊಡ್ಡವು ಮತ್ತು ದುಬಾರಿಯಾದ್ದರಿಂದ ಅವು ಬಹುತೇಕ ವಾಣಿಜ್ಯ ಹಡಗುಗಳಿಗೆ ಸೀಮಿತವಾಗಿದ್ದವು. ಇನ್‌ಮಾರ್ಸ್ಯಾಟ್ 1999ರಲ್ಲಿ ಖಾಸಗಿ ಕಂಪನಿಯಾಯಿತು. 2023ರಲ್ಲಿ ಅಮೆರಿಕದ ವಯಾಸ್ಯಾಟ್ ಕಂಪನಿ ಅದನ್ನು ಕೊಂಡುಕೊಂಡಿತು.

ಕೈಯಲ್ಲಿ ಹಿಡಿದು ಮಾತನಾಡುವ ಉಪಗ್ರಹ ಫೋನ್ ಸಣ್ಣ ದೋಣಿಗಳಿಗೂ ಎಟುಕಿದ್ದು ಇರಿಡಿಯಂ ಜಾಲದಿಂದ. ಆರಂಭದ ಯೋಜನೆಯಲ್ಲಿ 77 ಉಪಗ್ರಹಗಳಿದ್ದವು. ಪರಮಾಣು ಸಂಖ್ಯೆ 77 ಇರುವ ಇರಿಡಿಯಂ ಧಾತುವಿನ ಹೆಸರನ್ನೇ ಜಾಲಕ್ಕೆ ಇಡಲಾಯಿತು. ಕೊನೆಗೆ 66 ಉಪಗ್ರಹಗಳೇ ಸಾಕೆಂದು ತೀರ್ಮಾನವಾದರೂ ಹೆಸರು ಉಳಿಯಿತು. 1998ರ ನವೆಂಬರ್‌ನಲ್ಲಿ ಸೇವೆ ಆರಂಭಿಸಿದ ಕಂಪನಿ ಮರುವರ್ಷವೇ ದಿವಾಳಿಯಾಗಿ, 2001ರಲ್ಲಿ ಹೊಸ ಒಡೆತನದಲ್ಲಿ ಮರುಜೀವ ಪಡೆಯಿತು. 2017ರಿಂದ 2019ರ ನಡುವೆ ಹಳೆಯ ಉಪಗ್ರಹಗಳ ಜಾಗಕ್ಕೆ ಹೊಸ ಪೀಳಿಗೆಯ ಉಪಗ್ರಹಗಳು ಬಂದವು.

ಮೂರನೆಯ ಘಟ್ಟ ಸ್ಟಾರ್‌ಲಿಂಕ್‌ನದು. ಸ್ಪೇಸ್‌ಎಕ್ಸ್ ಕಂಪನಿ 2019ರ ಮೇ ತಿಂಗಳಿನಿಂದ ಗುಂಪುಗುಂಪಾಗಿ ಉಡಾಯಿಸಿದ ಉಪಗ್ರಹಗಳ ಈ ಜಾಲವು 2022ರ ಜುಲೈನಲ್ಲಿ ನೌಕೆಗಳಿಗಾಗಿ ಪ್ರತ್ಯೇಕ ಸೇವೆ ಆರಂಭಿಸಿತು. ಆಗ ಅದರ ಮಾಸಿಕ ಶುಲ್ಕ 5,000 ಡಾಲರ್, ಉಪಕರಣದ ಬೆಲೆ 10,000 ಡಾಲರ್ ಆಗಿತ್ತು. ಮರುವರ್ಷವೇ ಕಡಿಮೆ ದರದ ಯೋಜನೆಗಳು ಬಂದದ್ದರಿಂದ ಸಾಧಾರಣ ಹಾಯಿದೋಣಿಗಳಲ್ಲೂ ವೇಗದ ಅಂತರಜಾಲ ಕಾಣತೊಡಗಿತು.

ಕಕ್ಷೆ ಮತ್ತು ತರಂಗಪಟ್ಟಿ

ಸೇವೆಗಳ ನಡುವಿನ ಹೆಚ್ಚಿನ ವ್ಯತ್ಯಾಸಗಳಿಗೆ ಉಪಗ್ರಹದ ಎತ್ತರ ಮತ್ತು ಅದು ಬಳಸುವ ತರಂಗಪಟ್ಟಿ ಕಾರಣ.

ಭೂಸ್ಥಿರ ಕಕ್ಷೆಯ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ 35,786 ಕಿ.ಮೀ. ಎತ್ತರದಲ್ಲಿ ಭೂಮಿಯ ಆವರ್ತನೆಗೆ ಸರಿಸಮನಾಗಿ ಸುತ್ತುತ್ತವೆ. ನೋಡುವವರಿಗೆ ಅವು ಆಕಾಶದಲ್ಲಿ ಒಂದೇ ಕಡೆ ನಿಂತಂತೆ ತೋರುತ್ತವೆ. ಮೂರು ನಾಲ್ಕು ಉಪಗ್ರಹಗಳಿಂದಲೇ ಬಹುತೇಕ ಜಗತ್ತನ್ನು ಆವರಿಸಬಹುದು, ಆದರೆ ಧ್ರುವಪ್ರದೇಶಗಳು ಹೊರಗುಳಿಯುತ್ತವೆ. ಸಂಕೇತವು ಮೇಲೇರಿ ಕೆಳಗಿಳಿಯಲು ಸುಮಾರು ಕಾಲು ಸೆಕೆಂಡು ಬೇಕು. ಪ್ರಶ್ನೆ ಹೋಗಿ ಉತ್ತರ ಬರುವಷ್ಟರಲ್ಲಿ ಅರ್ಧ ಸೆಕೆಂಡಿಗೂ ಹೆಚ್ಚು ಕಾಲ ಕಳೆದಿರುತ್ತದೆ. ದೂರವಾಣಿಯಲ್ಲಿ ಇಬ್ಬರೂ ಒಟ್ಟಿಗೆ ಮಾತನಾಡಿಬಿಡುವ ಮುಜುಗರಕ್ಕೆ ಇದೇ ಕಾರಣ.

ಕೆಳ ಭೂಕಕ್ಷೆಯ ಉಪಗ್ರಹಗಳು ಕೆಲವು ನೂರರಿಂದ ಸುಮಾರು ಒಂದೂವರೆ ಸಾವಿರ ಕಿ.ಮೀ. ಎತ್ತರದಲ್ಲಿ ವೇಗವಾಗಿ ಸುತ್ತುತ್ತವೆ. ಒಂದು ಉಪಗ್ರಹ ಕೆಲವೇ ನಿಮಿಷ ಕಾಣಿಸಿಕೊಂಡು ದಿಗಂತದಲ್ಲಿ ಮರೆಯಾಗುವುದರಿಂದ ಒಂದರ ಬೆನ್ನಿಗೊಂದು ಬರುವಂತೆ ಹಲವು ಉಪಗ್ರಹಗಳು ಬೇಕಾಗುತ್ತವೆ. ಇಲ್ಲಿ ವಿಳಂಬ ಅತ್ಯಲ್ಪ. ಉಪಗ್ರಹಗಳು ತಮ್ಮತಮ್ಮಲ್ಲೇ ಸಂಕೇತವನ್ನು ದಾಟಿಸಬಲ್ಲವೇ ಎಂಬುದು ಸಾಗರಯಾನಕ್ಕೆ ಮುಖ್ಯ. ಇರಿಡಿಯಂ ಮತ್ತು ಸ್ಟಾರ್‌ಲಿಂಕ್‌ನಲ್ಲಿ ಈ ಸೌಲಭ್ಯವಿದೆ. ಇಲ್ಲದಿದ್ದಲ್ಲಿ ಉಪಗ್ರಹಕ್ಕೆ ನೌಕೆಯೂ ಭೂಕೇಂದ್ರವೂ ಏಕಕಾಲಕ್ಕೆ ಕಾಣಬೇಕಾಗುತ್ತದೆ. ನಡುಸಾಗರದಲ್ಲಿ ಅದು ಸಾಧ್ಯವಾಗದು.

ತರಂಗಪಟ್ಟಿಯ ವಿಷಯದಲ್ಲಿಯೂ ಒಂದು ಗಳಿಸಿದರೆ ಇನ್ನೊಂದನ್ನು ಬಿಡಬೇಕಾಗುತ್ತದೆ. 1ರಿಂದ 2 ಗಿಗಾಹರ್ಟ್ಸ್ ನಡುವಿನ ಎಲ್ ಪಟ್ಟಿಯ ಸಂಕೇತವು ಮಳೆ, ಮೋಡಗಳನ್ನು ಬಹುಮಟ್ಟಿಗೆ ಲೆಕ್ಕಿಸದೆ ಸಾಗುತ್ತದೆ, ಸಣ್ಣ ಆಂಟೆನಾ ಸಾಕು, ಆದರೆ ವೇಗ ಕಡಿಮೆ. ಇದಕ್ಕಿಂತ ಹತ್ತಿಪ್ಪತ್ತು ಪಟ್ಟು ಹೆಚ್ಚಿನ ಆವರ್ತನದ ಕೆಯು ಮತ್ತು ಕೆಎ ಪಟ್ಟಿಗಳಲ್ಲಿ ವೇಗ ಬಹಳ ಹೆಚ್ಚು, ಆದರೆ ಜಡಿಮಳೆಯಲ್ಲಿ ಸಂಕೇತ ಕುಗ್ಗುತ್ತದೆ. ಸಂಪರ್ಕ ಅತ್ಯಗತ್ಯವಾಗುವುದು ಅನೇಕ ವೇಳೆ ಬಿರುಮಳೆಯಲ್ಲೇ ಎಂಬುದನ್ನು ಮರೆಯಬಾರದು.

ಪ್ರಮುಖ ಸೇವೆಗಳು

• ಇರಿಡಿಯಂ: ಸುಮಾರು 780 ಕಿ.ಮೀ. ಎತ್ತರದ ಧ್ರುವೀಯ ಕಕ್ಷೆಯಲ್ಲಿ 66 ಉಪಗ್ರಹಗಳು. ಎಲ್ ಪಟ್ಟಿ. ಧ್ರುವಗಳನ್ನೂ ಒಳಗೊಂಡಂತೆ ಇಡೀ ಭೂಮಂಡಲದಲ್ಲಿ ಲಭ್ಯ. ಕೈಫೋನ್, ಕಿರುಸಂದೇಶ ಸಾಧನ ಹಾಗೂ ಸರ್ಟಸ್ ಹೆಸರಿನ ಮಧ್ಯಮ ವೇಗದ ದತ್ತಾಂಶ ಸೇವೆ ಇದರಲ್ಲಿವೆ. ಗಾರ್ಮಿನ್ ಕಂಪನಿಯ ಇನ್‌ರೀಚ್ ಸಂದೇಶ ಸಾಧನಗಳೂ ಈ ಜಾಲವನ್ನೇ ಬಳಸುತ್ತವೆ.

• ಇನ್‌ಮಾರ್ಸ್ಯಾಟ್: ಭೂಸ್ಥಿರ ಕಕ್ಷೆ. ಎಲ್ ಪಟ್ಟಿಯ ಫ್ಲೀಟ್‌ಬ್ರಾಡ್‌ಬ್ಯಾಂಡ್ ಸೇವೆಯಲ್ಲಿ ಸೆಕೆಂಡಿಗೆ ಗರಿಷ್ಠ 432 ಕಿಲೋಬಿಟ್ ವೇಗ ದೊರೆಯುತ್ತದೆ. 505 ಸಂಖ್ಯೆಯನ್ನು ಒತ್ತಿದರೆ ಕರೆ ನೇರವಾಗಿ ರಕ್ಷಣಾ ಸಮನ್ವಯ ಕೇಂದ್ರಕ್ಕೆ ತಲಪುವ ಏರ್ಪಾಡು ಇದರಲ್ಲಿದೆ. ದೊಡ್ಡ ನೌಕೆಗಳಿಗೆ ಕೆಎ ಪಟ್ಟಿಯ ವೇಗದ ಸೇವೆಯೂ ಇದೆ.

• ತುರಯಾ: ಸಂಯುಕ್ತ ಅರಬ್ ಸಂಸ್ಥಾನ ಮೂಲದ ಭೂಸ್ಥಿರ ಸೇವೆ. ಅಮೆರಿಕ ಖಂಡಗಳಲ್ಲಿ ಲಭ್ಯವಿಲ್ಲ. 2024ರಲ್ಲಿ ಇದರ ಒಂದು ಉಪಗ್ರಹ ಕೆಟ್ಟು ಏಷ್ಯಾ-ಪೆಸಿಫಿಕ್ ಪ್ರದೇಶದ ಸೇವೆ ನಿಂತುಹೋಯಿತು.

• ಗ್ಲೋಬಲ್‌ಸ್ಟಾರ್: ಸುಮಾರು 1,414 ಕಿ.ಮೀ. ಎತ್ತರದ ಕೆಳಕಕ್ಷೆ. ಭೂಕೇಂದ್ರಗಳ ಸಮೀಪದಲ್ಲಿ ಉತ್ತಮ ಧ್ವನಿ ದೊರೆಯುತ್ತದೆ, ಮಹಾಸಾಗರಗಳ ನಡುವೆ ಫೋನ್ ಸೇವೆ ಸಿಗುವುದಿಲ್ಲ. ಕೆಲವು ಐಫೋನ್‌ಗಳಲ್ಲಿ 2022ರಿಂದ ಬಂದಿರುವ ತುರ್ತು ಉಪಗ್ರಹ ಸಂದೇಶ ಸೌಲಭ್ಯಕ್ಕೆ ಈ ಜಾಲವೇ ಆಧಾರ. ಆ ಸೌಲಭ್ಯ ಆಯ್ದ ದೇಶಗಳಿಗೆ ಸೀಮಿತವಾದದ್ದರಿಂದ ಅದನ್ನು ಸಾಗರಯಾನದ ಸುರಕ್ಷಾ ಸಾಧನವೆಂದು ಎಣಿಸುವಂತಿಲ್ಲ.

• ಸ್ಟಾರ್‌ಲಿಂಕ್: ಸುಮಾರು 550 ಕಿ.ಮೀ. ಎತ್ತರದಲ್ಲಿ ಸಾವಿರಾರು ಉಪಗ್ರಹಗಳು. ಬಳಕೆದಾರರ ಆಂಟೆನಾಗಳಿಗೆ ಕೆಯು ಪಟ್ಟಿ. ಮನೆಯ ಬ್ರಾಡ್‌ಬ್ಯಾಂಡ್‌ಗೆ ಸಮನಾದ ವೇಗ.

• ಯೂಟೆಲ್‌ಸ್ಯಾಟ್ ಒನ್‌ವೆಬ್: ಸುಮಾರು 1,200 ಕಿ.ಮೀ. ಎತ್ತರ. ಹೆಚ್ಚಾಗಿ ವಾಣಿಜ್ಯ ಹಡಗು ಮತ್ತು ಸಂಸ್ಥೆಗಳಿಗೆ ಮೀಸಲು. ಈ ಜಾಲದ 72 ಉಪಗ್ರಹಗಳನ್ನು ಇಸ್ರೋ 2022ರ ಅಕ್ಟೋಬರ್ ಮತ್ತು 2023ರ ಮಾರ್ಚ್‌ನಲ್ಲಿ ಶ್ರೀಹರಿಕೋಟಾದಿಂದ ಉಡಾಯಿಸಿತು.

ಆಯ್ಕೆಯ ಮಾನದಂಡಗಳು

ಯಾನದ ಮಾರ್ಗ

ಸೇವೆಯ ನಕ್ಷೆಯನ್ನು ಯಾನದ ನಕ್ಷೆಯ ಮೇಲಿಟ್ಟು ನೋಡುವುದು ಮೊದಲ ಕೆಲಸ. ದಡ ಕಾಣುವಷ್ಟು ದೂರದಲ್ಲೇ ಸಾಗುವ ದೋಣಿಗೆ ಮೊಬೈಲ್ ಮತ್ತು ವಿಎಚ್ಎಫ್ ರೇಡಿಯೊ ಬಹುಮಟ್ಟಿಗೆ ಸಾಕು. ಸಾಗರ ದಾಟುವ ನೌಕೆಗೆ ನಡುನೀರಿನಲ್ಲಿಯೂ ಲಭ್ಯವಿರುವ ಜಾಲ ಬೇಕು. ಉತ್ತರ, ದಕ್ಷಿಣ ಧ್ರುವಗಳ ಸಮೀಪಕ್ಕೆ ಹೋಗುವವರಿಗೆ ಭೂಸ್ಥಿರ ಉಪಗ್ರಹಗಳು ಪ್ರಯೋಜನಕ್ಕೆ ಬಾರವು. ನಕ್ಷೆಯಲ್ಲಿ ಸಂಕೇತವಿದ್ದರೂ ಆಯಾ ದೇಶದ ಜಲಪ್ರದೇಶದಲ್ಲಿ ಅನುಮತಿ ಇಲ್ಲದಿದ್ದರೆ ಸೇವೆ ಸ್ಥಗಿತವಾಗಬಹುದು.

ಬಳಕೆಯ ಸ್ವರೂಪ

ಸಂಪರ್ಕ ಯಾವ ಕೆಲಸಕ್ಕೆ ಬೇಕೆಂಬುದನ್ನು ಪಟ್ಟಿ ಮಾಡಿದರೆ ಅಗತ್ಯವಿರುವ ವೇಗ ತಾನಾಗಿ ಸ್ಪಷ್ಟವಾಗುತ್ತದೆ. ನಾವಿಕರು ಬಳಸುವ ಗ್ರಿಬ್ ಮಾದರಿಯ ಹವಾಮಾನ ಕಡತವನ್ನು ಬೇಕಾದಷ್ಟೇ ಪ್ರದೇಶಕ್ಕೆ ಸೀಮಿತಗೊಳಿಸಿದರೆ ಸುಮಾರು 50 ಕಿಲೋಬೈಟ್‌ನಲ್ಲಿ ಮುಗಿಸಬಹುದು. ಸೆಕೆಂಡಿಗೆ 2.4 ಕಿಲೋಬಿಟ್ ವೇಗದ ಹಳೆಯ ಇರಿಡಿಯಂ ಸಂಪರ್ಕದಲ್ಲಿಯೂ ಅದು ಮೂರು ನಿಮಿಷಗಳ ಆಸುಪಾಸಿನಲ್ಲಿ ಇಳಿಯುತ್ತದೆ. ಅದೇ ಸಂಪರ್ಕದಲ್ಲಿ 3 ಮೆಗಾಬೈಟ್‌ನ ಒಂದು ಛಾಯಾಚಿತ್ರ ಕಳುಹಿಸಲು ಎರಡೂಮುಕ್ಕಾಲು ಗಂಟೆಗೂ ಹೆಚ್ಚು ಕಾಲ ಬೇಕು. ನೌಕೆಯಲ್ಲೇ ಕುಳಿತು ಕಚೇರಿ ಕೆಲಸ ಮಾಡುವವರಿಗೂ ಮಕ್ಕಳಿಗೆ ಅಂತರಜಾಲದ ಮೂಲಕ ಪಾಠ ಹೇಳಿಸುವವರಿಗೂ ವೇಗದ ಸೇವೆ ಅಗತ್ಯ. ಹವಾಮಾನ ಮತ್ತು ಕ್ಷೇಮಸಮಾಚಾರ ಮಾತ್ರ ಸಾಕೆನ್ನುವವರಿಗೆ ಅಲ್ಲ.

ವಿದ್ಯುತ್

ದಡದಲ್ಲಿದ್ದಾಗ ಗಮನಕ್ಕೆ ಬಾರದ, ಕಡಲಿನಲ್ಲಿ ದೊಡ್ಡದಾಗುವ ಅಂಶವಿದು. 50 ವಾಟ್ ಎಳೆಯುವ ಅಂತರಜಾಲ ಸಾಧನವನ್ನು ಹಗಲೂ ರಾತ್ರಿ ನಡೆಸಿದರೆ ದಿನಕ್ಕೆ 1,200 ವಾಟ್-ಗಂಟೆ ಖರ್ಚಾಗುತ್ತದೆ. ಇದು 12 ವೋಲ್ಟ್ ಬ್ಯಾಟರಿಯಲ್ಲಿ 100 ಆಂಪಿಯರ್-ಗಂಟೆಗೆ ಸಮ. ಸೀಸ-ಆಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಬಾಳಿಕೆ ಕುಗ್ಗುವುದರಿಂದ, ಈ ಒಂದು ಸಾಧನಕ್ಕೇ 200 ಆಂಪಿಯರ್-ಗಂಟೆಯ ಬ್ಯಾಟರಿ ಬೇಕೆಂದಾಯಿತು. ಮೋಡ ಕವಿದ ವಾರದಲ್ಲಿ ಸೌರಫಲಕಗಳು ಅದನ್ನು ತುಂಬಿಕೊಡಲಾರವು. ಆದ್ದರಿಂದ ಸಣ್ಣ ಹಾಯಿದೋಣಿಗಳಲ್ಲಿ ಇಂಥ ಸಾಧನವನ್ನು ದಿನಕ್ಕೆ ಒಂದೆರಡು ಗಂಟೆ ಮಾತ್ರ ಚಾಲನೆಯಲ್ಲಿಡುವ ಪದ್ಧತಿಯಿದೆ. ಕೈಫೋನ್ ಮತ್ತು ಕಿರುಸಂದೇಶ ಸಾಧನಗಳು ತಮ್ಮದೇ ಬ್ಯಾಟರಿ ಹೊಂದಿರುವುದರಿಂದ ನೌಕೆಯ ವಿದ್ಯುತ್ ಪೂರ್ಣ ಕಡಿದುಹೋದರೂ ಕೆಲಸ ಮಾಡುತ್ತವೆ.

ಆಂಟೆನಾ

ಭೂಸ್ಥಿರ ಉಪಗ್ರಹದ ವೇಗದ ಸೇವೆಗೆ ನೌಕೆ ಓಲಾಡಿದರೂ ಒಂದೇ ದಿಕ್ಕಿಗೆ ಮುಖಮಾಡಿ ನಿಲ್ಲುವ, ಗುಮ್ಮಟದಾಕಾರದ ಹೊದಿಕೆಯೊಳಗಿನ ಯಾಂತ್ರಿಕ ಆಂಟೆನಾ ಬೇಕು. ಅದು ಭಾರವಾದದ್ದು, ಸಣ್ಣ ದೋಣಿಗೆ ಹೊಂದದು. ಕೆಳಕಕ್ಷೆಯ ಜಾಲಗಳ ಚಪ್ಪಟೆ ಆಂಟೆನಾ ತಾನು ಅಲುಗದೆ, ತರಂಗದ ದಿಕ್ಕನ್ನು ವಿದ್ಯುನ್ಮಾನವಾಗಿ ತಿರುಗಿಸುತ್ತದೆ. ಯಾವುದೇ ಆದರೂ ಹಾಯಿ, ಹಾಯಿಕಂಬ ಮತ್ತು ರೇಡಾರ್‌ಗಳ ಮರೆಯಿಲ್ಲದ ತೆರೆದ ಆಕಾಶ ಕಾಣಬೇಕು. ಕೈಫೋನ್ ಅನ್ನು ಕೋಣೆಯೊಳಗಿನಿಂದ ಬಳಸಲು ಹೊರಭಾಗದಲ್ಲಿ ಪ್ರತ್ಯೇಕ ಆಂಟೆನಾ ಅಳವಡಿಸುವುದುಂಟು. ಹಾಯಿಕಂಬದ ಮೇಲೆ ಅಳವಡಿಸಿದ ಆಂಟೆನಾ ಕಂಬ ಮುರಿದಾಗ ಅದರೊಡನೆಯೇ ಹೋಗುತ್ತದೆ ಎಂಬ ಎಚ್ಚರ ಅಗತ್ಯ.

ವೆಚ್ಚ ಮತ್ತು ಕರಾರು

ಉಪಕರಣದ ಬೆಲೆಯ ಜೊತೆಗೆ ಮಾಸಿಕ ಶುಲ್ಕ, ನಿಮಿಷ ಅಥವಾ ದತ್ತಾಂಶದ ಮಿತಿ, ಮಿತಿ ಮೀರಿದಾಗಿನ ದರ, ಯಾನವಿಲ್ಲದ ತಿಂಗಳುಗಳಲ್ಲಿ ಸೇವೆಯನ್ನು ತಡೆಹಿಡಿಯುವ ಅವಕಾಶ ಇವನ್ನು ನೋಡಬೇಕು. ಭೂಭಾಗದ ಬಳಕೆಗೆ ಕೊಟ್ಟ ಅಗ್ಗದ ಯೋಜನೆ ನಡುಸಾಗರದಲ್ಲಿ ನಡೆಯದಿರಬಹುದು. ಮೊದಲೇ ಹಣ ಕಟ್ಟಿದ ಸಿಮ್‌ಗಳಲ್ಲಿ ಉಳಿದ ನಿಮಿಷಗಳು ಅವಧಿ ಮುಗಿದೊಡನೆ ರದ್ದಾಗಬಹುದು. ಉಪಗ್ರಹ ಫೋನ್‌ಗಳಿಗೆ ಪ್ರತ್ಯೇಕ ಸಂಕೇತ ಸಂಖ್ಯೆಗಳಿವೆ. ಇನ್‌ಮಾರ್ಸ್ಯಾಟ್‌ಗೆ 870, ಇರಿಡಿಯಂಗೆ 8816 ಮತ್ತು 8817. ಸಾಮಾನ್ಯ ಫೋನ್‌ನಿಂದ ಈ ಸಂಖ್ಯೆಗಳಿಗೆ ಕರೆ ಮಾಡಿದರೆ ಕರೆ ಮಾಡಿದವರಿಗೆ ಭಾರಿ ಶುಲ್ಕ ಬೀಳುವುದುಂಟು. ಆದ್ದರಿಂದ ಮನೆಯವರಿಗೆ ಇದನ್ನು ಮೊದಲೇ ತಿಳಿಸಿರುವುದು ಒಳಿತು.

ಅಪಾಯಕಾಲದ ಸಂಪರ್ಕ

ಜಾಗತಿಕ ಕಡಲ ಸಂಕಟ ಮತ್ತು ಸುರಕ್ಷಾ ವ್ಯವಸ್ಥೆಯು 1999ರ ಫೆಬ್ರವರಿ 1ರಿಂದ ಪೂರ್ಣವಾಗಿ ಜಾರಿಗೆ ಬಂದಿತು. ಅಂತರರಾಷ್ಟ್ರೀಯ ಯಾನದ ಪ್ರಯಾಣಿಕ ಹಡಗುಗಳಿಗೂ 300 ಟನ್ ಹಾಗೂ ಅದಕ್ಕೂ ಮೇಲ್ಪಟ್ಟ ಸರಕು ಹಡಗುಗಳಿಗೂ ಅದು ಕಡ್ಡಾಯ. ಖಾಸಗಿ ವಿಹಾರನೌಕೆಗಳಿಗೆ ಸಾಮಾನ್ಯವಾಗಿ ಕಡ್ಡಾಯವಿಲ್ಲ, ಆದರೂ ಅದರ ಸಾಧನಗಳನ್ನು ಹೊಂದಿರುವುದು ಉಚಿತ. ಈ ವ್ಯವಸ್ಥೆಯಲ್ಲಿ ಇನ್‌ಮಾರ್ಸ್ಯಾಟ್‌ಗೆ ಆರಂಭದಿಂದಲೂ, ಇರಿಡಿಯಂಗೆ 2018ರಲ್ಲಿಯೂ, ಚೀನಾದ ಬೈದೌ ಸಂದೇಶ ಸೇವೆಗೆ 2022ರಲ್ಲಿಯೂ ಮಾನ್ಯತೆ ದೊರೆತಿದೆ. ಮಾನ್ಯತೆ ಜಾಲಕ್ಕೆ ದೊರೆತರೂ ಆ ಜಾಲದ ಪ್ರತಿಯೊಂದು ಫೋನ್ ಇದಕ್ಕೆ ಒಳಪಡುವುದಿಲ್ಲ. ನಿಗದಿತ ಉಪಕರಣಗಳು ಮಾತ್ರ ಒಳಪಡುತ್ತವೆ.

ಉಪಗ್ರಹ ಫೋನ್ ಇದೆಯೆಂಬ ಕಾರಣಕ್ಕೆ ಸಂಕಟಸೂಚಕ ರೇಡಿಯೊ ದೀಪವನ್ನು ಬಿಡುವಂತಿಲ್ಲ. ಇಪಿಐಆರ್‌ಬಿ ಎಂದು ಕರೆಯಲ್ಪಡುವ ಈ ಸಾಧನವು 406 ಮೆಗಾಹರ್ಟ್ಸ್ ಆವರ್ತನದಲ್ಲಿ ನೌಕೆಯ ಗುರುತನ್ನು ಕಾಸ್ಪಾಸ್-ಸಾರ್ಸ್ಯಾಟ್ ಉಪಗ್ರಹಗಳಿಗೆ ಕಳುಹಿಸುತ್ತದೆ. ಕೆನಡಾ, ಫ್ರಾನ್ಸ್, ಅಮೆರಿಕ ಮತ್ತು ಅಂದಿನ ಸೋವಿಯತ್ ಒಕ್ಕೂಟ ಕೂಡಿ ಕಟ್ಟಿದ ವ್ಯವಸ್ಥೆಯಿದು. ಇದಕ್ಕೆ ಮಾಸಿಕ ಶುಲ್ಕವಿಲ್ಲ. ಒಮ್ಮೆ ಚಾಲನೆಗೊಂಡರೆ ಕನಿಷ್ಠ 48 ಗಂಟೆ ಸಂಕೇತ ಕಳುಹಿಸುತ್ತದೆ. ನೀರಿನಲ್ಲಿ ಮುಳುಗಿದಾಗ ತಾನಾಗಿ ಬಿಡುಗಡೆಗೊಂಡು ತೇಲುವ ಮಾದರಿಗಳೂ ಇವೆ. ಮಾಲೀಕನು ಅದನ್ನು ನೋಂದಾಯಿಸದಿದ್ದರೆ ಸಂಕೇತ ಯಾರದೆಂದು ತಿಳಿಯಲು ರಕ್ಷಣಾ ಕೇಂದ್ರಕ್ಕೆ ಹೆಚ್ಚು ಸಮಯ ಹಿಡಿಯುತ್ತದೆ.

ಈ ವ್ಯವಸ್ಥೆಯ ಭಾರತೀಯ ನಿಯಂತ್ರಣ ಕೇಂದ್ರವು ಬೆಂಗಳೂರಿನಲ್ಲಿ, ಇಸ್ರೋದ ಇಸ್‌ಟ್ರಾಕ್ ಘಟಕದಲ್ಲಿದೆ. ಅಲ್ಲಿಂದ ಸಂಕೇತದ ವಿವರಗಳು ಸಂಬಂಧಪಟ್ಟ ರಕ್ಷಣಾ ಸಮನ್ವಯ ಕೇಂದ್ರಗಳಿಗೆ ರವಾನೆಯಾಗುತ್ತವೆ. ಭಾರತದ ಮೀನುಗಾರರಿಗಾಗಿ ಇಸ್ರೋ ಪ್ರತ್ಯೇಕ ಸಂಕಟಸೂಚಕ ಸಾಧನವನ್ನೂ ಅಭಿವೃದ್ಧಿಪಡಿಸಿದೆ. ಅದರ ಎರಡನೆಯ ಪೀಳಿಗೆಯಲ್ಲಿ ಸಂಕಟದ ಸಂದೇಶ ತಲಪಿತೆಂಬ ಮರುಸಂದೇಶವೂ ದೋಣಿಗೆ ಬರುತ್ತದೆ.

ಧ್ವನಿ ಸಂಪರ್ಕಕ್ಕೂ ತನ್ನದೇ ಮಹತ್ವವಿದೆ. ಗಾಯಾಳುವಿನ ಸ್ಥಿತಿಯನ್ನು ವಿವರಿಸಲು, ವೈದ್ಯರ ಸೂಚನೆ ಪಡೆಯಲು ಸಂಕಟಸೂಚಕದಿಂದ ಆಗದು. ಹಾಗೆಯೇ, ಉಪಗ್ರಹ ಫೋನ್ ಕರೆ ಒಬ್ಬರಿಗೆ ಮಾತ್ರ ಕೇಳಿಸುತ್ತದೆ. ಐದು ಮೈಲಿ ದೂರದಲ್ಲಿ ಸಾಗುತ್ತಿರುವ ಹಡಗಿನ ಗಮನ ಸೆಳೆಯಲು ವಿಎಚ್ಎಫ್ ರೇಡಿಯೊದ 16ನೆಯ ಚಾನೆಲ್ಲೇ ಬೇಕು.

ನಿದರ್ಶನಗಳು

ಏಕಾಂಗಿಯಾಗಿ ಭೂಪ್ರದಕ್ಷಿಣೆ ಮಾಡುವ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ಭಾಗವಹಿಸಿದ್ದ ಭಾರತೀಯ ನೌಕಾಪಡೆಯ ಅಧಿಕಾರಿ ಅಭಿಲಾಷ್ ಟಾಮಿ ಅವರ ಹಾಯಿದೋಣಿ ‘ತುರಿಯಾ’ 2018ರ ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಲುಕಿ ಉರುಳಿ, ಹಾಯಿಕಂಬ ಮುರಿಯಿತು. ಆಗ ಅವರು ಆಸ್ಟ್ರೇಲಿಯಾದ ಪರ್ತ್ ನಗರದಿಂದ ಸುಮಾರು 1,900 ನಾಟಿಕಲ್ ಮೈಲಿ ದೂರದಲ್ಲಿದ್ದರು. ಬೆನ್ನಿಗೆ ತೀವ್ರ ಪೆಟ್ಟಾಗಿ ನಡೆಯಲಾರದೆ ಹೋದರು. ಮುಖ್ಯ ಉಪಗ್ರಹ ಫೋನ್ ಹಾಳಾಗಿತ್ತು. ಎರಡನೆಯ ಫೋನ್ ತುರ್ತು ಚೀಲದಲ್ಲಿದ್ದರೂ ಅದು ಕೈಗೆಟುಕುವಂತಿರಲಿಲ್ಲ. ಹೊರಜಗತ್ತಿಗೆ ಅವರ ಸ್ಥಿತಿ ತಿಳಿದದ್ದು ಉಪಗ್ರಹದ ಮೂಲಕ ಅಕ್ಷರಸಂದೇಶ ಕಳುಹಿಸುವ ಸಣ್ಣ ಸಾಧನವೊಂದರಿಂದ. ಆಸ್ಟ್ರೇಲಿಯಾದ ರಕ್ಷಣಾ ಸಮನ್ವಯ ಕೇಂದ್ರ ಕಾರ್ಯಾಚರಣೆಯನ್ನು ನಿರ್ದೇಶಿಸಿತು, ಭಾರತೀಯ ನೌಕಾಪಡೆಯ ವಿಮಾನ ದೋಣಿಯನ್ನು ಗುರುತಿಸಿತು. ಸೆಪ್ಟೆಂಬರ್ 24ರಂದು ಫ್ರಾನ್ಸಿನ ಮೀನುಗಾರಿಕಾ ಕಾವಲುನೌಕೆ ‘ಒಸಿರಿಸ್’ ಅವರನ್ನು ರಕ್ಷಿಸಿತು. ಅದೇ ಸ್ಪರ್ಧೆಯ ಮುಂದಿನ ಆವೃತ್ತಿಯಲ್ಲಿ, 2023ರ ಏಪ್ರಿಲ್‌ನಲ್ಲಿ, ಟಾಮಿ ಎರಡನೆಯ ಸ್ಥಾನ ಪಡೆದರು.

ಆ ಆವೃತ್ತಿಯಲ್ಲೇ 2022ರ ನವೆಂಬರ್ 18ರಂದು ಫಿನ್‌ಲೆಂಡಿನ ತಾಪಿಯೊ ಲೆಹ್ಟಿನೆನ್ ಅವರ ದೋಣಿ ‘ಆಸ್ಟೀರಿಯಾ’ ದಕ್ಷಿಣ ಆಫ್ರಿಕಾದ ಆಗ್ನೇಯಕ್ಕೆ ಸುಮಾರು ಐದೇ ನಿಮಿಷಗಳಲ್ಲಿ ಮುಳುಗಿತು. ಕುಳಿತು ಫೋನ್ ಮಾಡುವಷ್ಟು ವ್ಯವಧಾನವಿರಲಿಲ್ಲ. ಸಂಕಟಸೂಚಕದ ಸಂಕೇತದಿಂದ ವಿಷಯ ತಿಳಿದು, ಸಹಸ್ಪರ್ಧಿ ಕರ್ಸ್ಟನ್ ನ್ಯೂಶಾಫರ್ ತಮ್ಮ ದೋಣಿಯನ್ನು ಅತ್ತ ತಿರುಗಿಸಿ, ಮರುದಿನ ಜೀವರಕ್ಷಕ ತೆಪ್ಪದಿಂದ ಅವರನ್ನು ಪಾರುಮಾಡಿದರು.

ಈ ಎರಡೂ ಪ್ರಸಂಗಗಳಲ್ಲಿ ನೆರವಿಗೆ ಬಂದದ್ದು ವೇಗದ ಅಂತರಜಾಲವಲ್ಲ, ತನ್ನದೇ ಬ್ಯಾಟರಿಯಿಂದ ನಡೆಯುವ ಸಣ್ಣ ಸಾಧನ. ದೊಡ್ಡ ಜಾಲಗಳೂ ಸ್ಥಗಿತಗೊಳ್ಳುವುದುಂಟು. 2025ರ ಜುಲೈ 24ರಂದು ತಂತ್ರಾಂಶ ದೋಷದಿಂದ ಸ್ಟಾರ್‌ಲಿಂಕ್ ಸೇವೆ ಜಗತ್ತಿನಾದ್ಯಂತ ಸುಮಾರು ಎರಡೂವರೆ ಗಂಟೆ ನಿಂತಿತ್ತು. ಹಾಗಾಗಿ ದೂರಯಾನದ ನೌಕೆಗಳಲ್ಲಿ ಬೇರೆಬೇರೆ ಜಾಲ ಹಾಗೂ ಬೇರೆಬೇರೆ ವಿದ್ಯುತ್ ಮೂಲವಿರುವ ಕನಿಷ್ಠ ಎರಡು ಸಂಪರ್ಕಗಳು, ಅವುಗಳ ಜೊತೆಗೆ ಸಂಕಟಸೂಚಕ ಇರುವುದು ವಿವೇಕಯುತ.

ಭಾರತದಲ್ಲಿ ಕಾನೂನು

ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಉಪಗ್ರಹ ಫೋನ್ ಹೊಂದಿರುವುದೂ ಬಳಸುವುದೂ ಅಪರಾಧ. 2008ರ ಮುಂಬಯಿ ದಾಳಿಕೋರರು ಕಡಲಮಾರ್ಗದಲ್ಲಿ ಬಂದಾಗ ಉಪಗ್ರಹ ಫೋನ್ ಬಳಸಿದ್ದ ಹಿನ್ನೆಲೆಯಲ್ಲಿ ಈ ನಿಯಮಗಳ ಪಾಲನೆ ಬಿಗಿಯಾಯಿತು. ತುರಯಾ ಮತ್ತು ಇರಿಡಿಯಂ ಫೋನ್‌ಗಳಿಗೆ ವಿಶೇಷ ನಿರ್ಬಂಧವಿದೆ. ತಿಳಿಯದೆ ಇಂಥ ಸಾಧನ ತಂದ ವಿದೇಶಿ ಪ್ರವಾಸಿಗರು ಬಂಧನಕ್ಕೊಳಗಾದದ್ದುಂಟು. ಅನುಮತಿ ಪಡೆದವರಿಗೆ ಬಿಎಸ್ಎನ್ಎಲ್ 2017ರಿಂದ ಇನ್‌ಮಾರ್ಸ್ಯಾಟ್ ಆಧಾರಿತ ಉಪಗ್ರಹ ಫೋನ್ ಸೇವೆ ನೀಡುತ್ತಿದೆ. ಸ್ಟಾರ್‌ಲಿಂಕ್‌ಗೆ 2025ರಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿ ದೊರೆಯಿತು.

ಮಂಗಳೂರು, ಗೋವಾ, ಕೊಚ್ಚಿ ಮುಂತಾದ ಬಂದರುಗಳತ್ತ ಬರುವ ವಿದೇಶಿ ವಿಹಾರನೌಕೆ ತನ್ನಲ್ಲಿರುವ ಎಲ್ಲ ಉಪಗ್ರಹ ಸಾಧನಗಳ ವಿವರವನ್ನು ಬಂದರು ಮತ್ತು ಸುಂಕ ಅಧಿಕಾರಿಗಳಿಗೆ ಘೋಷಿಸಬೇಕು, ಭಾರತದ ಜಲಪ್ರದೇಶ ಪ್ರವೇಶಿಸುವ ಮೊದಲೇ ಅಂದಿನ ನಿಯಮಗಳನ್ನು ತಿಳಿದುಕೊಂಡಿರಬೇಕು. ಕಿರುಸಂದೇಶ ಸಾಧನಗಳೂ ಈ ನಿರ್ಬಂಧದ ವ್ಯಾಪ್ತಿಗೆ ಬರಬಹುದು. ಇತರ ಕೆಲವು ದೇಶಗಳಲ್ಲಿಯೂ ಇಂಥ ಕಟ್ಟುಪಾಡುಗಳಿವೆ.

ಯಾನಕ್ಕೆ ಮುನ್ನ

ಹೊರಡುವ ಮೊದಲು ಬಂದರಿನಲ್ಲೇ ಕೆಳಗಿನ ಸಿದ್ಧತೆಗಳನ್ನು ಮುಗಿಸುವುದು ವಾಡಿಕೆ:

• ಪ್ರತಿಯೊಂದು ಸಾಧನದಿಂದ ಒಮ್ಮೆ ಕರೆ ಮಾಡಿ, ಸಂದೇಶ ಕಳುಹಿಸಿ, ಹವಾಮಾನ ಕಡತ ಇಳಿಸಿ ಪರೀಕ್ಷಿಸುವುದು.
• ಸಿಮ್ ಮತ್ತು ಯೋಜನೆಯ ಅವಧಿ ಯಾನದ ನಡುವೆ ಮುಗಿಯದಂತೆ ನೋಡಿಕೊಳ್ಳುವುದು.
• ರಕ್ಷಣಾ ಸಮನ್ವಯ ಕೇಂದ್ರಗಳ ದೂರವಾಣಿ ಸಂಖ್ಯೆಗಳನ್ನು ಫೋನ್‌ನಲ್ಲಿಯೂ ಕಾಗದದ ಮೇಲೆಯೂ ಬರೆದಿಡುವುದು.
• ಸಂಕಟಸೂಚಕದ ನೋಂದಣಿಯನ್ನೂ ಅದರ ಬ್ಯಾಟರಿಯ ಅವಧಿಯನ್ನೂ ಪರಿಶೀಲಿಸುವುದು.
• ಕೈಫೋನ್ ಅಥವಾ ಸಂದೇಶ ಸಾಧನವನ್ನು ನೀರು ಸೋಕದ ಚೀಲದಲ್ಲಿ, ಗಾಯಗೊಂಡವರ ಕೈಗೂ ಎಟುಕುವ ಜಾಗದಲ್ಲಿ ಇಡುವುದು.
• ನೌಕೆಯಲ್ಲಿರುವ ಎಲ್ಲರಿಗೂ, ಚಾಲಕನಿಗೆ ಮಾತ್ರವಲ್ಲದೆ, ಸಾಧನಗಳ ಬಳಕೆಯನ್ನು ಕಲಿಸುವುದು.
• ನಿಗದಿತ ಸಮಯಕ್ಕೆ ಸಂದೇಶ ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕು, ಬಳಿಕ ಯಾರಿಗೆ ತಿಳಿಸಬೇಕು ಎಂಬುದನ್ನು ಮನೆಯವರೊಡನೆ ಮೊದಲೇ ನಿಶ್ಚಯಿಸಿಕೊಳ್ಳುವುದು.

ಇದನ್ನೂ ನೋಡಿ

• ಕೃತಕ ಉಪಗ್ರಹ
• ಭೂಸ್ಥಿರ ಕಕ್ಷೆ
• ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ
• ಅಭಿಲಾಷ್ ಟಾಮಿ